ಸ್ವೆಟರಿನ ಜೊತೆಗೆ ನೆಲವನ್ನೂ ಗಮನಿಸಿ

ಸಾಕುಪ್ರಾಣಿಗಳ ಚಳಿಗಾಲದ ಕೀಲುನೋವಿನ ಬಗ್ಗೆ ಓದಿದ ಲೇಖನವೊಂದರಲ್ಲಿ, ವಯಸ್ಸಾದ ನಾಯಿಗಳಿಗೆ ಸ್ವೆಟರ್ ತೊಡಿಸಿ ಬೆಚ್ಚಗಿಡಬೇಕೆಂಬ ಸಲಹೆ ಸರಿಯಾಗಿಯೇ ಇದೆ. ಆದರೆ ಕೀಲುನೋವನ್ನು ಗುರುತಿಸುವ ಬಗೆಯನ್ನು ಇನ್ನಷ್ಟು ವಿವರಿಸಬೇಕಿತ್ತು. ನೋವಿರುವ ಪ್ರಾಣಿ ನರಳಲೇಬೇಕೆಂದಿಲ್ಲ. ಮಡಿಕೇರಿಯ ಡಿಸೆಂಬರ್ ಚಳಿಯಲ್ಲಿ ನಮ್ಮ ಮನೆಯ ಮುದಿ ಲ್ಯಾಬ್ರಡಾರ್ ಬೆಳಿಗ್ಗೆ ಏಳುವಾಗ ಮುಂಗಾಲುಗಳನ್ನು ಊರಿ, ಕ್ಷಣ ಹೊತ್ತು ನಿಂತು, ಆಮೇಲಷ್ಟೇ ಹಿಂಭಾಗವನ್ನು ಎತ್ತುತ್ತದೆ; ಮೊದಲ ಕೆಲವು ಹೆಜ್ಜೆಗಳನ್ನು ಬಿಗಿಯಾಗಿ ಇಟ್ಟು, ಅಂಗಳ ದಾಟುವಷ್ಟರಲ್ಲಿ ಸಲೀಸಾಗಿ ನಡೆಯತೊಡಗುತ್ತದೆ. ಇದನ್ನು ಸೋಮಾರಿತನವೆಂದು ತಳ್ಳಿಹಾಕುವವರೇ ಹೆಚ್ಚು. ಬೆಕ್ಕುಗಳಂತೂ ಕುಂಟುವುದೇ ಅಪರೂಪ. ಅವು ಕಪಾಟಿನ ಮೇಲೆ ಜಿಗಿಯುವುದನ್ನು ಸದ್ದಿಲ್ಲದೆ ನಿಲ್ಲಿಸುತ್ತವೆ, ಬೆನ್ನಿನ ಕೂದಲನ್ನು ನೆಕ್ಕಿಕೊಳ್ಳಲಾಗದೆ ಅದು ಗಂಟುಕಟ್ಟುತ್ತದೆ.

ನಮ್ಮ ಮನೆಗಳ ಗ್ರಾನೈಟ್ ಮತ್ತು ಟೈಲ್ಸ್ ನೆಲ ತಣ್ಣಗಿರುವುದಷ್ಟೇ ಅಲ್ಲ, ಪ್ರತಿ ಹೆಜ್ಜೆಗೂ ಹಿಂಗಾಲನ್ನು ಜಾರಿಸಿ, ಮೊದಲೇ ಸವೆದ ಸೊಂಟದ ಕೀಲಿಗೆ ಪೆಟ್ಟು ಕೊಡುತ್ತದೆ. ಓಡಾಡುವ ದಾರಿಗೆ ರಬ್ಬರ್ ಚಾಪೆ ಅಥವಾ ಜಮಖಾನ ಹಾಸಿ, ಮಲಗಲು ದಪ್ಪನೆಯ ಹಾಸಿಗೆ ಕೊಟ್ಟು, ಬಿಸಿಲೇರಿದ ಮೇಲೆ ಸ್ವಲ್ಪ ಸ್ವಲ್ಪವೇ ಎರಡು ಮೂರು ಬಾರಿ ನಡೆಸುವುದು ಒಳಿತು. ಚಳಿಯೆಂದು ನಡಿಗೆಯನ್ನು ಪೂರ್ತಿ ನಿಲ್ಲಿಸಿದರೆ ಸ್ನಾಯು ಕರಗಿ ತೂಕ ಏರುತ್ತದೆ, ಆ ಭಾರವೂ ಕೀಲುಗಳ ಮೇಲೆಯೇ ಬೀಳುತ್ತದೆ.

ಒಂದು ಮಾತನ್ನು ಕಳಕಳಿಯಿಂದ ಹೇಳುತ್ತೇನೆ: ಮನೆಯಲ್ಲಿರುವ ನೋವಿನ ಮಾತ್ರೆಯನ್ನು ದಯವಿಟ್ಟು ಕೊಡಬೇಡಿ. ಒಂದೇ ಒಂದು ಪ್ಯಾರಸಿಟಮಾಲ್ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸಬಲ್ಲದು. ಪಶುವೈದ್ಯರು ಬರೆದುಕೊಡುವ ಮೆಲಾಕ್ಸಿಕಾಮ್‌ನಂಥ ನೋವಿನ ಔಷಧಿಯನ್ನೂ ದೀರ್ಘಕಾಲ ಕೊಡಬೇಕಾದರೆ ನಡುನಡುವೆ ರಕ್ತಪರೀಕ್ಷೆ ಮಾಡಿಸುವುದು ಅಗತ್ಯ.