ನಾನೂರು ರೂಪಾಯಿಯ ಸೊಳ್ಳೆ

ನಮ್ಮ ಮನೆಯ ತುಳಸಿಕಟ್ಟೆಯ ಹಿಂದೆ ಒಂದು ತೆಂಗಿನ ಚಿಪ್ಪು ಬಿದ್ದಿತ್ತು. ಅದರಲ್ಲಿ ಎರಡು ಚಮಚ ಮಳೆನೀರು, ಆ ನೀರಲ್ಲಿ ಕುಣಿಯುವ ನಾಲ್ಕು ಹುಳ. ಲಾರ್ವಾ, ಅಂದರೆ ಸೊಳ್ಳೆಮರಿಗಳ ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆ ಟಾರ್ಚ್ ಬಿಟ್ಟು ನೋಡಿ, "ಅಂಕಲ್, ಪಾಸಿಟಿವ್" ಅಂದರು. ಕೋವಿಡ್ ಬಂದು ಹೋದ ಮೇಲೆ ಆ ಪದ ಕೇಳಿದರೆ ನನಗೆ ಈಗಲೂ ಕಾಲು ನಡುಗುತ್ತದೆ. ಅವರ ಹಿಂದೆ ನಿಂತಿದ್ದ ಪುರಸಭೆಯ ಹೆಲ್ತ್ ಇನ್‌ಸ್ಪೆಕ್ಟರು ಚೀಟಿ ಬರೆದು ಕೈಗಿಟ್ಟರು. ನಾನೂರು ರೂಪಾಯಿ. ಹುಳಕ್ಕೆ ನೂರರಂತೆ ಬಿತ್ತು.

ಇದು ಅವರು ಮನಸ್ಸಿಗೆ ಬಂದಂತೆ ಹಾಕಿದ ದಂಡವಲ್ಲ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಸಾಕುವವರಿಗೆ ದರಪಟ್ಟಿ ಹೊರಡಿಸಿತು. ಪಟ್ಟಣದ ಮನೆಗೆ 400 ರೂಪಾಯಿ, ಹಳ್ಳಿಯ ಮನೆಗೆ 200. ಹಳ್ಳಿ ಸೊಳ್ಳೆಗೆ ಅರ್ಧ ಟಿಕೆಟ್. ಎಳನೀರು ಮಾರುವವರು, ಪಂಕ್ಚರ್ ಅಂಗಡಿ, ಹೋಟೆಲು, ಕಚೇರಿ ಇವಕ್ಕೆಲ್ಲ ಪಟ್ಟಣದಲ್ಲಿ 1000. ಕಟ್ಟಡ ಏಳುತ್ತಿರುವ ಜಾಗಕ್ಕೂ ಖಾಲಿ ಸೈಟಿಗೂ 2000. ಹೇಳಿದ ಮೇಲೂ ಸರಿಮಾಡದಿದ್ದರೆ ವಾರ ವಾರ ದಂಡದ ಅರ್ಧದಷ್ಟು ಮೇಲೆ. ಮೀಟರ್ ಬಡ್ಡಿಯವರೂ ಕಲಿಯಬೇಕಾದ ಲೆಕ್ಕ. ಬೀದಿಯ ಚರಂಡಿಗೆ ಎಷ್ಟು, ರಸ್ತೆಗುಂಡಿಗೆ ಎಷ್ಟು ಎಂದು ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿದೆ. ಕನ್ನಡಕ ಒರೆಸಿಕೊಂಡು ಮೂರನೇ ಸಲವೂ ಓದಿದೆ. ಆ ಸಾಲು ನನ್ನ ಕಣ್ಣಿಗೆ ಬೀಳಲಿಲ್ಲ.

ಯಾಕೆ ಹುಡುಕಿದೆ ಅಂದರೆ, ನಮ್ಮ ಗೇಟಿನೆದುರು ಒಂದು ಗುಂಡಿ ಇದೆ. ಯುಜಿಡಿ, ಅಂದರೆ ಒಳಚರಂಡಿ ಪೈಪಿಗೆಂದು ಅಗೆದದ್ದು. ಪೈಪು ಬರಲಿಲ್ಲ, ಮಳೆ ಬಂತು. ಎರಡು ವರ್ಷವಾಯಿತು. ಖಾಲಿ ಸೈಟಿನ ದರದಲ್ಲೇ ಹಿಡಿದರೂ ಮೊದಲ ದಂಡ 2000, ಆಮೇಲೆ ವಾರಕ್ಕೆ 1000ದಂತೆ 104 ವಾರ. ಒಟ್ಟು 1,06,000 ರೂಪಾಯಿ. ಅಷ್ಟು ದುಡ್ಡಲ್ಲಿ ಆ ಗುಂಡಿ ಮುಚ್ಚಿ, ಮೇಲೊಂದು ಕಲ್ಲುಬೆಂಚು ಹಾಕಿ, ಯಾರದಾದರೂ ಹೆಸರು ಕೆತ್ತಿಸಬಹುದಿತ್ತು.

"ಇದಕ್ಕೆ ಚೀಟಿ ಇಲ್ವಾ ಸಾರ್?" ಎಂದು ಇನ್‌ಸ್ಪೆಕ್ಟರನ್ನು ಕೇಳಿದೆ.

"ಅದು ಎಂಜಿನಿಯರ್ ಸೆಕ್ಷನ್ನು."

"ಪಕ್ಕದ ಚರಂಡಿ?"

ಅವರ ಮುಖದಲ್ಲಿ ಹೆಮ್ಮೆಯಂಥದ್ದೇನೋ ಮೂಡಿತು. "ನೀವು ಓದಿದೋರು, ತಿಳ್ಕೊಳ್ಳಿ. ಡೆಂಗಿ ಸೊಳ್ಳೆ ಮೊಟ್ಟೆ ಇಡೋದು ತಿಳಿನೀರಲ್ಲಿ. ನಮ್ಮ ಚರಂಡಿ ನೀರಿಗೆ ಅದು ಹತ್ರನೂ ಬರಲ್ಲ."

ಮಾತು ಸುಳ್ಳಲ್ಲ. ಡೆಂಗಿ ತರುವ ಈಡಿಸ್, ಕಪ್ಪು ಕಾಲಿಗೆ ಬಿಳಿ ಪಟ್ಟೆಯದು, ಮಡಿವಂತ ಸೊಳ್ಳೆ. ಕೊಳಚೆಯಲ್ಲಿ ಹುಟ್ಟುವುದು ಕ್ಯೂಲೆಕ್ಸ್. ಅದು ತರುವುದು ಆನೆಕಾಲು ರೋಗ, ಅದರ ಫೈಲೇ ಬೇರೆ. ಚರಂಡಿಯನ್ನು ಡೆಂಗಿ ಸೊಳ್ಳೆಯೂ ಮೂಸದಷ್ಟು ಗಲೀಜಾಗಿಟ್ಟು ರೋಗ ತಡೆಯುವ ಈ ಉಪಾಯಕ್ಕೆ ಇನ್ನೂ ಯಾವ ಪ್ರಶಸ್ತಿಯೂ ಬಂದಿಲ್ಲವಲ್ಲ ಎಂಬುದಷ್ಟೇ ನನ್ನ ಕೊರಗು.

ಇನ್ನು ನೀರಿನ ವಿಷಯ. ನಮ್ಮೂರಲ್ಲಿ ನಲ್ಲಿ ನೀರು ಎಂಟು ದಿನಕ್ಕೊಮ್ಮೆ. ಅದೂ ವಾಲ್ವ್‌ಮನ್ ಮನೆಯಲ್ಲಿ ಮದುವೆ ಮುಂಜಿ ಇಲ್ಲದಿದ್ದರೆ. ಹಾಗಾಗಿ ಪ್ರತಿ ಮನೆಯಲ್ಲೂ ಡ್ರಮ್ಮು, ಸಿಂಟೆಕ್ಸು, ಸಂಪು, ಹಂಡೆ, ಕೊಡ, ಕೊನೆಗೆ ಮೊಮ್ಮಗನ ಸ್ನಾನದ ಟಬ್ಬು, ಎಲ್ಲ ತುಂಬಿಸಿಡುತ್ತೇವೆ. ಈಡಿಸ್ ಮೊಟ್ಟೆ ಒಡೆದು, ಹುಳವಾಗಿ, ರೆಕ್ಕೆ ಬಂದು ಹಾರಲು ಏಳರಿಂದ ಹತ್ತು ದಿನ ಬೇಕು. ಪುರಸಭೆಯೂ ಸೊಳ್ಳೆಯೂ ಕೂತು ಮಾತಾಡಿಕೊಂಡಂತೆ ವೇಳಾಪಟ್ಟಿ ಕೂಡಿ ಬಂದಿದೆ. ಈ ನಡುವೆ ಕಸದ ಗಾಡಿಯ ಮೈಕು ಬೆಳಗಾದರೆ ಹೇಳುತ್ತದೆ: "ವಾರಕ್ಕೊಮ್ಮೆ ನೀರಿನ ತೊಟ್ಟಿಗಳನ್ನು ಪೂರ್ತಿ ಖಾಲಿ ಮಾಡಿ, ಉಜ್ಜಿ, ಒಣಗಿಸಿ." ನನ್ನ ಹೆಂಡತಿ ಒಮ್ಮೆ ಆ ಗಾಡಿಯನ್ನು ನಿಲ್ಲಿಸಿಯೇ ಬಿಟ್ಟಳು. "ಏಳನೇ ದಿನ ಖಾಲಿ ಮಾಡ್ತೀನಪ್ಪ. ಎಂಟನೇ ದಿನದ ತನಕ ನಿಮ್ಮ ಮೈಕು ಕುಡೀಲಾ?"

ಈ ಪರಂಪರೆಗೆ ಇತಿಹಾಸವಿದೆ. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ರೊನಾಲ್ಡ್ ರಾಸ್ ಎಂಬ ಎಳೆಯ ಡಾಕ್ಟರಿದ್ದ. ಬಂಗಲೆಯಲ್ಲಿ ವಿಪರೀತ ಸೊಳ್ಳೆ. ನೋಡಿದರೆ ಕಿಟಕಿಯ ಹೊರಗಿನ ನೀರಿನ ಪೀಪಾಯಿಯಲ್ಲಿ ಹುಳ. ಪೀಪಾಯಿ ಬೋರಲು ಹಾಕಿದ, ಸೊಳ್ಳೆ ಕಡಿಮೆಯಾಯಿತು. ಖುಷಿಯಿಂದ ಹೋಗಿ ಮೇಲಧಿಕಾರಿಗೆ, ದಂಡಿನ ಊಟದ ಮನೆಯ ಡಬ್ಬಗಳನ್ನೂ ಹೀಗೇ ಮಾಡೋಣ ಎಂದ. ಆ ಮಹಾಶಯ ಒಪ್ಪಲಿಲ್ಲ. ಸೊಳ್ಳೆಯನ್ನು ದೇವರು ಏನೋ ಉದ್ದೇಶವಿಟ್ಟೇ ಸೃಷ್ಟಿಸಿರುತ್ತಾನೆ, ಸಹಿಸಿಕೊಳ್ಳುವುದು ನಮ್ಮ ಕರ್ತವ್ಯ ಎಂದುಬಿಟ್ಟ. ಮುಂದೆ ಇದೇ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರೋಪಜೀವಿಯನ್ನು ಕಂಡು, 1902ರಲ್ಲಿ ನೊಬೆಲ್ ಪಡೆದ. ಹೀಗೆ ರಾಸ್ ಲೋಕಕ್ಕೆಲ್ಲ ಸೇರಿದವನಾದ. ಆ ಮೇಲಧಿಕಾರಿ ಮಾತ್ರ ನಮ್ಮವನಾಗಿಯೇ ಉಳಿದ. ಅವನ ಸಂತತಿ ಊರೂರಿನಲ್ಲೂ ನಿವೃತ್ತಿಯಾಗುತ್ತ, ಮತ್ತೆ ನೇಮಕವಾಗುತ್ತ ಬಂದಿದೆ.

ಕಾನೂನಿಲ್ಲವೆಂದು ಯಾರೂ ಅನ್ನುವಂತಿಲ್ಲ. 1964ರ ಕರ್ನಾಟಕ ಪುರಸಭೆಗಳ ಅಧಿನಿಯಮದ 87ನೇ ಪ್ರಕರಣದಲ್ಲಿ ಬೀದಿ ಗುಡಿಸುವುದು, ಚರಂಡಿ ತೊಳೆಸುವುದು ಎಲ್ಲ ಕಡ್ಡಾಯ ಕರ್ತವ್ಯ. ದುಡ್ಡಿಲ್ಲ ಅನ್ನುವ ಹಳೇ ರಾಗವೂ ನಡೆಯದು. ಮಧ್ಯಪ್ರದೇಶದ ರತ್ಲಾಮಿನ ಪುರಸಭೆ ಅದನ್ನು ಹಾಡಿ ನೋಡಿತ್ತು. ಚರಂಡಿ ಕಟ್ಟಿಸಿ ಎಂದು ಮ್ಯಾಜಿಸ್ಟ್ರೇಟರು ಹೇಳಿದರೆ, ಕಾಸಿಲ್ಲ ಎಂದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಚರಂಡಿಗಿಲ್ಲದ ಕಾಸು ವಕೀಲರಿಗೆ ಇತ್ತು! 1980ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಪೀಠ, ಬೊಕ್ಕಸ ಬರಿದೆಂಬ ನೆಪ ಸಲ್ಲದು, ಕೆಲಸ ಮಾಡಿ ಎಂದು ಕಳಿಸಿತು. ನಮ್ಮ ಪುರಸಭೆ ಅದರಿಂದ ಪಾಠ ಕಲಿತಿದೆ. ದುಡ್ಡಿಲ್ಲ ಎಂದು ಅದು ಎಂದೂ ಹೇಳುವುದಿಲ್ಲ. "ಟೆಂಡರ್ ಆಗಿದೆ" ಅನ್ನುತ್ತದೆ.

ಫಾಗಿಂಗ್ ಬಗ್ಗೆ ಹೇಳದಿದ್ದರೆ ಕೃತಘ್ನನಾದೇನು. ಬೀದಿಯಲ್ಲಿ ಎರಡು ಮನೆಯವರು ಆಸ್ಪತ್ರೆ ಸೇರಿದ ಮೇಲೆ ಹೊಗೆ ಯಂತ್ರ ಬರುತ್ತದೆ. ಈಡಿಸ್ ಕಚ್ಚುವುದು ಹಗಲು, ಹೊಗೆ ಹೊಡೆಯುವುದು ದೀಪ ಹಚ್ಚಿದ ಮೇಲೆ. ಹೊಗೆಗೆ ಸಾಯುವುದು ಹಾರುವ ಸೊಳ್ಳೆ ಮಾತ್ರ. ನೀರಲ್ಲಿರುವ ಹುಳಕ್ಕೆ ಅದು ದೀಪಾವಳಿ. ಮುಂದೆ ಯಂತ್ರ, ಹಿಂದೆ ಮಕ್ಕಳು, ಅವರ ಹಿಂದೆ ವಾರ್ಡಿನ ಸದಸ್ಯರು, ಎಲ್ಲರ ಹಿಂದೆ ಫೋಟೋ ತೆಗೆಯುವವನು. ಫೋಟೋದಲ್ಲಿ ಹೊಗೆ ಬಿಟ್ಟು ಬೇರೇನೂ ಕಾಣದಿದ್ದರೂ ವಾಟ್ಸಾಪ್ ಗುಂಪಿನಲ್ಲಿ ನಲವತ್ತು ಜನ ಕೈಮುಗಿಯುತ್ತಾರೆ.

ಮೊನ್ನೆ ಬೆಳಗ್ಗೆ ಹನ್ನೊಂದಕ್ಕೆ ದಂಡ ಕಟ್ಟಲು ಪುರಸಭೆಗೆ ಹೋದೆ. ಅಂಗಳದಲ್ಲಿ ಟೈರುಗಳ ಗುಡ್ಡೆ. ಕೇಳಿದರೆ, ಪಂಕ್ಚರ್ ಅಂಗಡಿಗಳಲ್ಲಿ ನೀರು ನಿಲ್ಲುತ್ತದೆಂದು ಜಪ್ತಿ ಮಾಡಿ ತಂದದ್ದಂತೆ. ಮಳೆಗಾಲದ ಶುರುವಿನಲ್ಲಿ ತಂದವು, ತುಂಬಿ ತುಳುಕುತ್ತಿದ್ದವು. ಒಂದರೊಳಗೆ ಬಗ್ಗಿ ನೋಡಿದೆ. ನಮ್ಮ ಚಿಪ್ಪಿನಲ್ಲಿ ನಾಲ್ಕು ಹುಳ, ಇಲ್ಲಿ ಊರ ಜಾತ್ರೆ. ಕಚೇರಿಗಳಿಗೂ ಸಾವಿರ ಎಂದು ಪಟ್ಟಿಯಲ್ಲಿ ಓದಿದ್ದು ನೆನಪಾಯಿತು. ಚೀಟಿ ಬರೆಯುವ ಇನ್‌ಸ್ಪೆಕ್ಟರು ಫೀಲ್ಡಿನಲ್ಲಿದ್ದರು.

ಗುಮಾಸ್ತರು ನನ್ನ ಹೆಸರು ಬರೆದು, ಮೊತ್ತ ಬರೆದು, ಸೀಲು ಎತ್ತಿದವರು ಅದನ್ನು ಅಲ್ಲೇ ಬಿಟ್ಟು ಎಡಗೈಯಿಂದ ರಶೀದಿಯ ಮೇಲೆ ಪಟ್ ಎಂದು ಹೊಡೆದರು. ಕಪ್ಪು ಕಾಲಿಗೆ ಬಿಳಿ ಪಟ್ಟೆ. ಅದನ್ನು ಉಗುರಿನಿಂದ ಕೊಡವಿ, ಸೀಲು ಒತ್ತಿ, "ಮನೆ ಸುತ್ತ ನೀಟಾಗಿ ಇಟ್ಕೊಳ್ಳಿ ಸಾರ್" ಎಂದು ರಶೀದಿ ಕೊಟ್ಟರು.

ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಸೀಲಿನ ಪಕ್ಕ ಒಂದು ಕೆಂಪು ಚುಕ್ಕೆ ಇದೆ. ನನ್ನದೋ, ಗುಮಾಸ್ತರದೋ ಗೊತ್ತಿಲ್ಲ.