ಸ್ಪಷ್ಟನೆ: ನಿಯಾಸ್‌ನ ಅಲೆ ನಾಶವಾಗಿಲ್ಲ
‘1975ರಲ್ಲಿ ಅಲೆಮಾರಿ ಸರ್ಫರ್‌ಗಳು (ಹಲಗೆಯ ಮೇಲೆ ನಿಂತು ಅಲೆ ಸವಾರಿ ಮಾಡುವವರು) ಕಂಡುಕೊಂಡ ಇಂಡೋನೇಷ್ಯಾದ ನಿಯಾಸ್ ದ್ವೀಪದ ಲಗುಂದ್ರಿ ಅಲೆ 2004ರ ಸುನಾಮಿಗೆ ಹಾಳಾಯಿತು’ ಎಂಬ ಸಂದೇಶ ಹಳೆಯ ಫೋಟೊ ಸಮೇತ ಹರಿದಾಡುತ್ತಿದೆ. ಇದು ತಪ್ಪು.

ಅಲೆಗೆ ಆಕಾರ ಕೊಡುವ, ಅಲ್ಲಿನ ನೀರಡಿಯ ಹವಳದ ದಿಬ್ಬವನ್ನು ಬದಲಿಸಿದ್ದು 2005ರ ಮಾರ್ಚ್ 28ರ 8.6 ತೀವ್ರತೆಯ ಭೂಕಂಪ. ಅದೂ ಕೆಡವಲಿಲ್ಲ, ಮೇಲೆತ್ತಿತು. ದ್ವೀಪದ ಪಶ್ಚಿಮ ಕರಾವಳಿ ಕೆಲವೆಡೆ ಸುಮಾರು 3 ಮೀಟರ್ ಏರಿದ್ದನ್ನು ಭೂವಿಜ್ಞಾನಿಗಳು ಅಳೆದದ್ದು ಹವಳದಿಂದಲೇ: ಇಳಿತದ ಮಟ್ಟಕ್ಕಿಂತ ಮೇಲೆ ಬಂದ ಭಾಗ ಸಾಯುತ್ತದೆ, ಬಿಳಿಚಿದ ಆ ನೆತ್ತಿಯಿಂದ ಜೀವಂತ ಅಂಚಿನವರೆಗಿನ ಅಂತರವೇ ಏರಿಕೆಯ ಲೆಕ್ಕ.

ಲಗುಂದ್ರಿಯಲ್ಲಿ ಆಳ ಕಡಿಮೆಯಾಗಿ ಅಲೆ ಈಗ ಥಟ್ಟನೆ ಮಗುಚುತ್ತದೆ, ಮಗುಚುವಾಗ ಸುರುಳಿಯೊಳಗೆ ಮೂಡುವ ಕೊಳವೆ ಇನ್ನಷ್ಟು ಪೊಳ್ಳು. ಹಳಬರು ಹಂಬಲಿಸುವ ಸಾವಧಾನದ ಅಲೆ ಇಲ್ಲ, ಅದಂತೂ ನಿಜ. ಇಳಿತದ ಹೊತ್ತಿಗೆ ನೀರಿಗಿಳಿಯುವವರು ಜೋಪಾನ. ದಯವಿಟ್ಟು ಆ ಸಂದೇಶ ಫಾರ್ವರ್ಡ್ ಮಾಡಬೇಡಿ.