ಕೊನೇ ರೇಡಿಗೆ ಅಡ್ಡ ಬಂದವರಿಗೆ

ಶನಿವಾರದಿಂದ ಹೊಟ್ಟೆಯೊಳಗೆ ಕುದಿಯುತ್ತಿದೆ. ಇವತ್ತು ಬರೆದೇ ಬಿಡುತ್ತೇನೆ. ಕಬಡ್ಡಿ ಅಂಕಣದ ಗೆರೆ ಪಕ್ಕ ಮೊಬೈಲ್ ಎತ್ತಿಕೊಂಡು ನಿಲ್ಲುವವರೇ, ನಿಮ್ಮ ಹಿಂದೆ ಕೂತವರು ನಿಮಗೆ ಮನುಷ್ಯರ ಥರ ಕಾಣುವುದಿಲ್ಲವಾ?

ನಾನು ಶಿರಸಿಯವ. ಕ್ರೀಡಾ ಫೋಟೋಗ್ರಫಿಯನ್ನೇ ಹೊಟ್ಟೆಪಾಡು ಮಾಡಿಕೊಂಡ ಅಣ್ಣ ಒಬ್ಬರಿದ್ದಾರೆ, ಎರಡು ವರ್ಷದಿಂದ ಅವರ ಸಹಾಯಕ್ಕೆ ಹೋಗುತ್ತೇನೆ. ಶನಿವಾರ ಕುಮಟೆ ಕಡೆಯ ಒಂದು ಊರಲ್ಲಿ ಹೊನಲು ಬೆಳಕಿನ ಕಬಡ್ಡಿ ಇತ್ತು. ಆಟ ಶುರುವಾಗುವುದು ರಾತ್ರಿ 8ಕ್ಕೆ. ನಾವು ದೇವಿಮನೆ ಘಟ್ಟ ಇಳಿದು 4 ಗಂಟೆಗೇ ಮೈದಾನದಲ್ಲಿದ್ದೆವು.

ಅಷ್ಟು ಬೇಗ ಹೋಗಿ ಏನು ಮಾಡುತ್ತೀರಿ ಅಂತ ಕೇಳುವವರು ಬಹಳ ಜನ. ಕಾರಿನ ಏಸಿಯಲ್ಲಿ ತಣ್ಣಗಾದ ಲೆನ್ಸನ್ನು ಘಟ್ಟದ ಕೆಳಗಿನ ಸೆಕೆಗೆ ಹಾಗೇ ತೆಗೆದರೆ ಗಾಜಿನ ಮೇಲೆಲ್ಲ ಹನಿ ಕೂತುಬಿಡುತ್ತದೆ. ಚೀಲ ಬಿಚ್ಚದೆ ಅರ್ಧ ಗಂಟೆಯಾದರೂ ಕಾಯಬೇಕು. ದೀಪ ಹತ್ತಿದ ಮೇಲೆ ನಾನು ಮ್ಯಾಟಿನ ನಾಲ್ಕೂ ಮೂಲೆಗೆ ಹೋಗಿ ನಿಲ್ಲಬೇಕು, ಅಣ್ಣ ನನ್ನ ಮುಖ ನೋಡಿ ಬೆಳಕು ಹೊಂದಿಸುತ್ತಾರೆ. ನಡುವೆ ಇದ್ದ ಬೆಳಕು ಮೂಲೆಯಲ್ಲಿ ಇರುವುದಿಲ್ಲ. ಅದಕ್ಕಿಂತ ದೊಡ್ಡ ತಲೆನೋವು ಅಗ್ಗದ ಎಲ್‌ಇಡಿ ದೀಪಗಳದ್ದು. ನಮ್ಮ ಕರೆಂಟು 50 ಹರ್ಟ್ಸ್, ಆ ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ನಮ್ಮ ಕಣ್ಣಿಗೆ ತಿಳಿಯುವುದಿಲ್ಲ, 1/1000 ಸೆಕೆಂಡಿನ ಶಟರಿಗೆ ತಿಳಿಯುತ್ತದೆ. ಒಂದು ಫ್ರೇಮು ಬೆಳ್ಳಗೆ ಬಂದರೆ ಅದರ ಪಕ್ಕದ್ದು ಮಸಿ ಹಿಡಿದ ಹಾಗೆ. ಫ್ಲ್ಯಾಶ್ ಹಾಕೋಣ ಅಂದರೆ ರೇಡಿಗೆ ಬಂದ ಹುಡುಗನ ಕಣ್ಣಿಗೇ ಹೊಡೆಯುತ್ತದೆ. ಅದನ್ನು ಅಣ್ಣ ಯಾವತ್ತೂ ಮಾಡಿದವರಲ್ಲ. ಕ್ಯಾಮೆರಾ ಬೆಳಕು ಹಿಡಿಯುವ ಅಳತೆ, ಅಂದರೆ ಐಎಸ್‌ಒ, 6400ಕ್ಕೆ ಏರಿಸಿ, ಸಿಕ್ಕ ಬೆಳಕಲ್ಲೇ ತೆಗೆಯುತ್ತಾರೆ.

ಇನ್ನು ಕೂರುವ ಜಾಗ. ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಸಿಕ್ಕಿಬಿದ್ದ ರೇಡರ್ ಬಚಾವಾಗಲು ಪ್ರಾಣ ಪಣಕ್ಕಿಟ್ಟು ಕೈ ಚಾಚುವುದು ನಡುಗೆರೆಗೆ. ಅದಕ್ಕೇ ಅಣ್ಣ ಅಂಪೈರಿಗೆ ಅಡ್ಡ ಆಗದಂತೆ, ನಡುಗೆರೆಯಿಂದ ತುಸು ಓರೆಗೆ ನೆಲದ ಮೇಲೇ ಕೂರುತ್ತಾರೆ. ಪಕ್ಕದಲ್ಲಿ ಗೋಣಿಚೀಲ ಹಾಸಿಕೊಂಡು ನಾನು. ಪ್ರತಿ ರೇಡಿಗೂ ಹೋದವನ ನಂಬರು, ಹಿಡಿದವನ ನಂಬರು ಪಟ್ಟಿಯಲ್ಲಿ ಬರೆಯುತ್ತೇನೆ. ಆಡಿದ ಹುಡುಗನ ಫೋಟೋ ಕೆಳಗೆ ಇನ್ಯಾರದೋ ಹೆಸರು ಬಂದರೆ ಆ ಹುಡುಗನಿಗೆ ಎಷ್ಟು ಬೇಜಾರಾಗುತ್ತದೆ ಅಂತ ನಾನು ಒಮ್ಮೆ ಕಣ್ಣಾರೆ ನೋಡಿದ್ದೇನೆ.

ಸಂಜೆಯೇ ಸಂಘಟಕರ ಹತ್ತಿರ ಹೋಗಿ, ಗೆರೆಯಿಂದ ದೂರ ಹಗ್ಗ ಕಟ್ಟಿಸಿ, ಜನ ಒಳಗೆ ಬಾರದ ಹಾಗೆ ಯಾರನ್ನಾದರೂ ನಿಲ್ಲಿಸಿ ಅಂತ ಕೈ ಮುಗಿದು ಕೇಳಿದ್ದೆ. ಹಗ್ಗ ಕಟ್ಟಿದರು. ಫೈನಲ್ ಹೊತ್ತಿಗೆ ಅದು ಜನರ ಕಾಲಡಿ ಬಿದ್ದಿತ್ತು.

ಕೊನೇ ರೇಡ್. ಎರಡೂ ಕಡೆ ಅಂಕ ಸಮ. ಹೋದವ 7ನೇ ನಂಬರಿನ ಹುಡುಗ, ಇನ್ನೂ ಮೀಸೆ ಸರಿಯಾಗಿ ಚಿಗುರಿಲ್ಲ. ಒಬ್ಬನನ್ನು ಮುಟ್ಟಿ ತಿರುಗಿದ. ಎಡ ಕಾರ್ನರಿನವ ಹಿಮ್ಮಡಿ ಹಿಡಿದ, ಮೇಲೆ ಇನ್ನಿಬ್ಬರು ಬಿದ್ದರು. ಮೂವರನ್ನೂ ಎಳೆದುಕೊಂಡು, ಕೆನ್ನೆ ಮ್ಯಾಟಿಗೆ ಉಜ್ಜುತ್ತ, ಬಲಗೈ ಮುಂದೆ ಚಾಚಿದ. ಗೆರೆಗೆ ನಾಲ್ಕು ಬೆರಳಿನಷ್ಟು ದೂರ.

ಅಷ್ಟರಲ್ಲಿ ಎದೆಗೆ ಬ್ಯಾಜ್ ಚುಚ್ಚಿಕೊಂಡ ಒಬ್ಬರು ಹಗ್ಗ ದಾಟಿ ಬಂದು ನಮ್ಮೆದುರೇ ಮೊಬೈಲ್ ಎತ್ತಿದರು. ನಾನು ಅಂಗಿ ಹಿಡಿದು ಜಗ್ಗಿದೆ. "ಅಣ್ಣಾ, ಕೂತ್ಕಳಿ, ದಮ್ಮಯ್ಯ!"

"ಒಂದೇ ನಿಮಿಷ ತಡೆಯಾ ಮಾರಾಯಾ!"

ಒಂದು ನಿಮಿಷವಂತೆ! ಕಬಡ್ಡಿಯಲ್ಲಿ ಒಂದು ಇಡೀ ರೇಡಿಗೇ ಇರುವುದು 30 ಸೆಕೆಂಡ್. ಅವರು ಬದಿಗೆ ಸರಿಯುವಷ್ಟರಲ್ಲಿ ಸೀಟಿ ಊದಿ ಆಗಿತ್ತು, ಹುಡುಗನನ್ನು ಹೆಗಲ ಮೇಲೆ ಎತ್ತಿಯೂ ಆಗಿತ್ತು.

ಅಣ್ಣ ಒತ್ತಿದ್ದು 12 ಫ್ರೇಮು. ಒಂಬತ್ತರಲ್ಲಿ ಬರೀ ಮೊಣಕೈ. ಎರಡರಲ್ಲಿ ಬೆನ್ನು. ಉಳಿದ ಒಂದರಲ್ಲಿ ಫೋಕಸ್ ಹೋಗಿ ಕೂತಿದ್ದು ಆ ಮೊಬೈಲಿನ ಪರದೆ ಮೇಲೆ. ಅದರೊಳಗೆ ಹೆಬ್ಬೆರಳ ಉಗುರಿನಷ್ಟು ಪುಟ್ಟದಾಗಿ ಹುಡುಗ ಕೈ ಚಾಚಿ ಬಿದ್ದಿದ್ದಾನೆ.

ಮೂರು ಕಿಲೋ ತೂಗುವ ಲೆನ್ಸನ್ನು ಮಗುವಿನ ಹಾಗೆ ಎತ್ತಿಕೊಂಡು ಘಟ್ಟ ಇಳಿದು, ತಾಸುಗಟ್ಟಲೆ ಸೊಳ್ಳೆ ಕಚ್ಚಿಸಿಕೊಂಡು ಕಾದಿದ್ದು ಆ ಅರೆಕ್ಷಣಕ್ಕೆ. ಅವರ ವಿಡಿಯೋ ಗ್ರೂಪಿಗೆ ಬಂತು, ನೋಡಿದೆ. ಅಲ್ಲಾಡಿ ಅಲ್ಲಾಡಿ ಯಾರ ಕೈ, ಯಾರ ಕಾಲು ಅಂತ ಗೊತ್ತಾಗುವುದಿಲ್ಲ. ಬೆಳಿಗ್ಗೆ ಏಳಕ್ಕೆ ಅವರ ಕಡೆಯಿಂದಲೇ ಫೋನು, "ಲಾಸ್ಟ್ ರೇಡ್‌ದು ಒಳ್ಳೇ ಫೋಟೋ ಕಳಿಸಿ, ಬ್ಯಾನರಿಗೆ ಬೇಕು." ನನಗೆ ಬಾಯಿಗೆ ಬಂದದ್ದನ್ನು ನುಂಗಿಕೊಳ್ಳುವಷ್ಟರಲ್ಲಿ ಸಾಕುಸಾಕಾಯಿತು.

ಅದನ್ನಾದರೂ ತಡೆದುಕೊಂಡೇನು. ತಡೆಯಲಾಗದ್ದು ಶನಿವಾರ ರಾತ್ರಿಯದ್ದು. ಬಹುಮಾನ ಕೊಟ್ಟು ಮುಗಿದ ಮೇಲೆ, ಕೆನ್ನೆಯ ತರಚು ಗಾಯಕ್ಕೆ ಅರಿಶಿನ ಮೆತ್ತಿಕೊಂಡು ಆ ಹುಡುಗ ನಾವು ಸಾಮಾನು ಕಟ್ಟುವಲ್ಲಿಗೆ ಹುಡುಕಿಕೊಂಡು ಬಂದ.

"ಅಣ್ಣಾ, ನಾ ಗೆರೆ ಮುಟ್ಟಿದ್ದು ಬಂದದ್ಯಾ? ಆಯಿಗೆ ತೋರಿಸ್ಬೇಕಿತ್ತು."

ಅಣ್ಣ ಮಾತಾಡದೆ ಕ್ಯಾಮೆರಾ ತಿರುಗಿಸಿ ಸೆಮಿಫೈನಲಿನ ಚಿತ್ರಗಳನ್ನು ತೋರಿಸಿದರು. ಹುಡುಗ ಒಂದೊಂದನ್ನೂ ಬಗ್ಗಿ ಬಗ್ಗಿ ನೋಡಿದ. ಚಲೋ ಬಂದದೆ ಅಂದ. ಆಮೇಲೆ ನನ್ನ ಮುಖ ನೋಡಿ ಮತ್ತೆ ಕೇಳಿದ, "ಕೊನೇದು?"

ನಾನು ಚೀಲದ ಜಿಪ್ ಎಳೆಯುತ್ತ ತಲೆ ತಗ್ಗಿಸಿದೆ.